ನಂಬರ್ ಮನೆಯ ಬಿಳಿಗೋಡೆ

"ಫೋಟೋದಾಗ ಮುಖಾನ ಇಲ್ಲಲ್ಲ ಯವ್ವಾ, ನೀನ ಆಕಿ ಅಂತ ಅವರು ಹೆಂಗ ನಂಬಬೇಕು?"

ವಾಚ್‌ಮನ್ ದುರುಗಪ್ಪ ಬಾಗಿಲಿಗೆ ಬೆನ್ನು ಮಾಡಿ, ಬೀದಿಯ ಕಡೆ ಮುಖ ಹಾಕಿ ಮಾತಾಡುತ್ತಿದ್ದ. ಬಾಗಿಲಿಗೆ ಗೋಣಿತಾಟಿನ ಪರದೆ. ಪರದೆಯ ಹಿಂದೆ ಸುಗ್ರಾ ಬೇಗಂ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯೊಳಗೇ ಇರಬೇಕು, ಪರಗಂಡಸಿನ ಕಣ್ಣಿಗೆ ಬೀಳಬಾರದು. ಅದಕ್ಕೆ ಇದ್ದತ್ ಅನ್ನುತ್ತಾರೆ. ದುರುಗಪ್ಪ ದೇವದುರ್ಗದ ಕಡೆಯ ಕುರುಬರವನು, ಕುರಿ ಮಾರಿ ರಾಯಚೂರಿಗೆ ಬಂದವನು. ಆದರೂ ಅವನಿಗೆ ಅದು ಗೊತ್ತಿತ್ತು. ಅದಕ್ಕೇ ಬೆನ್ನು.

ಹೊಸ್ತಿಲ ಮೇಲೆ ಕೂತಿದ್ದ ಅತ್ತೆ ಇಮಾಮ್ ಬೀ ಅವನ ದನಿ ಬಂದ ಕಡೆ ಕತ್ತೆತ್ತಿದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಆರು ವರ್ಷ ದಿನಾ ನೋಡೀಯಲ್ಲೋ ದುರುಗಪ್ಪ, ನನ ಸೊಸಿನ. ನೀನ ಹೋಗಿ ಹೇಳು."

"ನಾ ಹೇಳಿದ್ರ ಯಾರು ಕೇಳ್ತಾರಬೇ? ದಿನಗೂಲಿಯಾವ ನಾ. ಗೇಟು ತೆಗಿ ಅಂದ್ರ ತೆಗೀಬೇಕು, ಹಾಕು ಅಂದ್ರ ಹಾಕಬೇಕು. ಬಾಡಿಗಿದಾರ ಸತ್ತಮ್ಯಾಗ ಹೆಂಡತಿ ಖುದ್ದು ಆಫೀಸಿಗೆ ಬರಬೇಕಂತ. ಫೋಟೋಕ್ಕೂ ಮುಖಕ್ಕೂ ಹೊಂದಬೇಕಂತ. ಈ ತಿಂಗಳ ಆಖೇರಿಗೆ ಬರಲಿಲ್ಲಂದ್ರ ಮನಿ ಖಾಲಿ ಅಂತ ಬರ್ಕೋತಾರ. ಸಾಹೇಬ್ರು ಹೇಳಿದ್ದು ಇಷ್ಟು."

ಪಕ್ಕದ ಮನೆಯ ಬೂದೆಮ್ಮ ಬುಟ್ಟಿಯ ಕೆಳಗೆ ಕೋಳಿ ಮುಚ್ಚಿಡುತ್ತಿದ್ದಳು. ಕೋಳಿ ಸಾಕುವುದೂ ಆ ಕಾಲನಿಯಲ್ಲಿ ಕಾನೂನಿಗೆ ವಿರುದ್ಧ. ವಾಚ್‌ಮನ್ ಬಂದನೆಂದರೆ ಕೋಳಿಗೆ ಬುಟ್ಟಿ.

"ಮುಖ ಎಲ್ಲಿಂದ ಬರ್ತದ?" ಅಂದಳು ಬೂದೆಮ್ಮ. "ಈ ಜಾಣಿ ಆವತ್ತು ಬಡೇಬೀ ಬುರ್ಖಾ ಈಸ್ಕೊಂಡು ಬಂದು ಹಾಕ್ಕೊಂಡಿದ್ಲಲ್ಲ! ನಾ ಬಡ್ಕೊಂಡೆ, ಲೇ ಸುಗ್ರಾ, ಮುಖ ತೆಗಿಯೇ, ಏನು ಕಳ್ಳತನ ಮಾಡಾಕ ಬಂದೀಯೇನ ಅಂತ."

ಪರದೆಯ ಹಿಂದೆ ಶೇಂಗಾ ಒಡೆಯುವ ಸದ್ದು ನಿಂತಿತು.

ಬೂದೆಮ್ಮ ಹೇಳಿದ್ದು ನಿಜ. ತುರ್ತು ಪರಿಸ್ಥಿತಿಯ ವರ್ಷ ಕೋಟೆಯ ಕಂದಕದ ಪಕ್ಕದ ಗುಡಿಸಲುಗಳನ್ನೆಲ್ಲ ಕಿತ್ತು ಹಾಕಿದ್ದರು. ಬದಲಿಗೆ ಊರ ಹೊರಗೆ ಸರಕಾರಿ ಬಾಡಿಗೆ ಮನೆಗಳು. ಒಂದು ಕೋಣೆ, ಮೇಲೆ ಸಿಮೆಂಟು ತಗಡು, ಗೋಡೆಗೆ ಸುಣ್ಣ, ಬಾಗಿಲ ಮೇಲೆ ನಂಬರು. ಜನ ಅದಕ್ಕೆ ನಂಬರ್ ಮನಿ ಅಂದರು. ಮನೆ ಕೊಡುವ ದಿನ ಗಂಡ ಹೆಂಡತಿಯನ್ನು ಜೋಡಿ ನಿಲ್ಲಿಸಿ, ಗಂಡನ ಕೈಗೆ ನಂಬರು ಬರೆದ ಪಾಟಿ ಕೊಟ್ಟು ಫೋಟೋ ತೆಗೆದರು.

ಸುಗ್ರಾ ಹುಟ್ಟಿದಾಗಿನಿಂದ ಬುರ್ಖಾ ತೊಟ್ಟವಳಲ್ಲ. ಕಂಕರು ಹೊರುವವಳಿಗೆ, ಗಿರಣಿಯಲ್ಲಿ ಧೂಳು ಗುಡಿಸುವವಳಿಗೆ ಎಲ್ಲಿಯ ಬುರ್ಖಾ? ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಆದರೆ ಆವತ್ತು ಗಂಡ ಲಾಲ್ ಸಾಬ್ ಹೊಸ ಅಂಗಿ ತೊಟ್ಟು ಹುಮ್ಮಸ್ಸಿನಲ್ಲಿದ್ದ. "ಸರ್ಕಾರದ ಫೋಟೋ ಅದು. ಬೆಂಗಳೂರು ತನಕ ಹೋಗ್ತದ. ನನ ಹೆಂಡ್ತಿ ಮುಖ ಕಂಡಕಂಡವರ ಮೇಜಿನ ಮ್ಯಾಲ ಬಿದ್ದಿರಬೇಕೇನು? ನಾವೂ ಮಾನವಂತರು ಅನ್ನೋದು ಗೊತ್ತಾಗಲಿ," ಅಂದ. ಕಂದಕದ ನೆರೆಯವಳು ಬಡೇಬೀ ಎತ್ತರದ ಹೆಂಗಸು. ಅವಳ ಬುರ್ಖಾ ಸುಗ್ರಾಳ ಕಾಲಿಗೆ ತೊಡರಿ ನೆಲ ಬಳಿಯುತ್ತಿತ್ತು, ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಳಗೆ ಬೆವತು, ನಗು ತಡೆಯಲಾರದೆ ಅವಳು ನಿಂತಿದ್ದಳು. ಮಾನವಂತರಾಗಿದ್ದು ಅದೊಂದೇ ದಿನ.

ಆ ಮನೆಯನ್ನು ಲಾಲ್ ಸಾಬ್ ಕಣ್ಣಿನಂತೆ ನೋಡಿಕೊಂಡ. ಕಾಲನಿಯ ಗೇಟಿಗೆ ಕಾನೂನಿನ ಬೋರ್ಡು ಹಾಕಿದ್ದರು. ಮನೆ ಮರುಬಾಡಿಗೆಗೆ ಕೊಡಬಾರದು. ಮನೆಯಲ್ಲಿ ಧಂದೆ ಮಾಡಬಾರದು. ಮೊಳೆ ಹೊಡೆಯಬಾರದು. ಗೋಡೆಗೆ ಮಸಿ ಹತ್ತಬಾರದು. ಲಾಲ್ ಸಾಬ್‌ಗೆ ಓದು ಬರದು. ಬಂದವರ ಕೈಲೆಲ್ಲ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದ. ಅಂಗಿ ತೂಗುಹಾಕಲು ಒಂದು ಮೊಳೆ ಹೊಡೆಯಲಿಲ್ಲ. ಅಡಿಗೆಗೆಂದು ಮೂಲೆಯಲ್ಲಿ ಒಂದು ಕಟ್ಟೆ ಕಟ್ಟಿದ್ದರು, ಹೊಗೆ ಹೋಗಲು ಒಂದು ತೂತು ಬಿಟ್ಟಿರಲಿಲ್ಲ. ಹೊಗೆಗೆ ದಾರಿ ಕೊಡದ ಮನೆ ಕಟ್ಟಿ, ಮಸಿ ಹತ್ತಬಾರದು ಅಂತ ಬರೆದವನು ಎಂದೂ ಒಲೆ ಊದಿದವನಲ್ಲ. ಸುಗ್ರಾ ಆರು ವರ್ಷ ಬೀದಿಯಲ್ಲಿ ಅಡಿಗೆ ಮಾಡಿದಳು. ತಗಡಿನ ಡಬ್ಬಿಯ ಒಲೆಗೆ ಶೇಂಗಾ ಹೊಟ್ಟು ತುಂಬಿ ಊದುತ್ತಿದ್ದಳು. ಮಳೆ ಬಂದರೆ ಒಂದು ಕೈಯಲ್ಲಿ ಒಲೆಯ ಮೇಲೆ ತಗಡು ಹಿಡಿದು, ಇನ್ನೊಂದು ಕೈಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಬೆನ್ನು ತೊಯ್ದರೂ ಗೋಡೆ ಬೆಳ್ಳಗಿತ್ತು.

ಧಂದೆಯ ಕಾನೂನು ಮಾತ್ರ ಮುರಿದಿದ್ದರು. ಗಿರಣಿಯಿಂದ ಶೇಂಗಾ ತಂದು ಮನೆಯಲ್ಲಿ ಒಡೆದು ಬೀಜ ಮಾಡಿ ಕೊಡುತ್ತಿದ್ದಳು. ಸಾಹೇಬರು ತಪಾಸಣೆಗೆ ಬಂದರೆ ಚೀಲದ ಮೇಲೆ ಕೌದಿ ಹಾಸಿ ಇಮಾಮ್ ಬೀ ಮಲಗಿ ನರಳುತ್ತಿದ್ದಳು. ನರಳಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಲಾಲ್ ಸಾಬ್ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲ. ಲಾರಿಯಿಂದ ಚೀಲ ಇಳಿಸುವಾಗ ಒಟ್ಟಿದ ಥಪ್ಪಿ ಜಾರಿ ಮೈಮೇಲೆ ಬಿತ್ತು. ಒಡೆದ ಚೀಲಗಳಿಂದ ಚೆಲ್ಲಿದ ಶೇಂಗಾ ಮೊದಲು ಬಾಚಿದರು. ಆಮೇಲೆ ಅವನನ್ನು ತೆಗೆದರು.

ಮನೆ ಹೋದರೆ ಸುಗ್ರಾಳಿಗೆ ಮಾನ್ವಿಯಲ್ಲಿ ತವರಿತ್ತು. ಅಣ್ಣ ಮೀರಾಹುಸೇನ ಮಣ್ಣಿಗೆ ಬಂದಾಗ ಅಂಗಳದಲ್ಲಿ ನಿಂತು ಹೇಳಿದ್ದ: "ನೀ ಬಾ. ಒಂದು ಮೂಲಿ ಸಿಗ್ತದ. ಮುದುಕೀನ ಕರ್ಕೊಂಡು ಬರಬ್ಯಾಡ." ಇಮಾಮ್ ಬೀ ಒಳಗೆ ಕೂತು ಕೇಳಿಸಿಕೊಂಡಿದ್ದಳು. ಆವತ್ತಿನಿಂದ ಮುದುಕಿ, ಬೂದೆಮ್ಮ ಬೀದಿಯ ಒಲೆಯಲ್ಲಿ ಸುಟ್ಟು ಕೊಡುವ ರೊಟ್ಟಿಗಳಲ್ಲಿ ಒಂದನ್ನೇ ತಿನ್ನತೊಡಗಿದಳು. ಹಸಿವಿಲ್ಲ ಬೇಟಿ ಅನ್ನುತ್ತಿದ್ದಳು.

ದುರುಗಪ್ಪ ಹೋದ ಮಾರನೆಯ ದಿನ ವಲಿ ಪಾಷಾ ಬಂದ. ಕಾಲನಿಯ ಪುಢಾರಿ, ಮಸೀದಿಯ ಜಮಾತಿನಲ್ಲಿ ಮುಂದೆ ಕೂಡುವವನು. ನಂಬರ್ ಮನೆಗಳಲ್ಲಿ ಒಂದು ಅವನ ಹೆಸರಲ್ಲಿ, ಒಂದು ತಮ್ಮನ ಹೆಸರಲ್ಲಿ, "ಮತ್ತೊಂದು ಅವರವ್ವ ಇನ್ನೂ ಹಡೀದೇ ಇರೋ ತಂಗಿ ಹೆಸರಿನಾಗ" ಎಂದು ಬೂದೆಮ್ಮ ಆಡಿಕೊಳ್ಳುತ್ತಿದ್ದಳು. ಎಲ್ಲದರಲ್ಲೂ ಬಾಡಿಗೆಗೆ ಜನ. ಅವನಿರುವುದು ಬಜಾರಿನ ಸ್ವಂತ ಮನೆಯಲ್ಲಿ. ಗೇಟಿನ ಕಾನೂನಿನ ಬೋರ್ಡು ಬರೆಸುವ ಗುತ್ತಿಗೆ ಹಿಡಿದವನೂ ಅವನೇ.

ಹೊರಗಿನಿಂದ ಕೆಮ್ಮಿದ. ಇಮಾಮ್ ಬೀ ಕೈಗೆ ಅಕ್ಕಿಯ ಗಂಟು ಕೊಟ್ಟ.

"ಭಾಭಿ ಹೊರಗ ಕಾಲಿಡಬಾರದು ಅಮ್ಮಾ. ಇದ್ದತ್‌ನಾಗ ಇರಾಕಿ ಆಫೀಸಿಗೆ ತಿರುಗಿದ್ರ ಜಮಾತಿನ ಹೆಸರು ಏನಾಗಬೇಕು? ಆಫೀಸಿನ ಕೆಲಸ ನಂಗ ಬಿಡ್ರಿ. ಸಾಹೇಬ್ರು ನನ ಮಾತು ತೆಗದು ಹಾಕಂಗಿಲ್ಲ."

"ಅಲ್ಲಾ ನಿನ್ನ ಚೆಂದ ಇಟ್ಟಿರಲಿ ಬೇಟಾ," ಅಂದಳು ಇಮಾಮ್ ಬೀ. ಒಳಗೆ ಸುಗ್ರಾಳಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಲಾಲ್ ಸಾಬನ ಜನಾಜಾಕ್ಕೆ ಹೆಗಲು ಕೊಟ್ಟವನು. ಅವನಲ್ಲದೆ ಇನ್ನಾರು?

ಆ ಅಕ್ಕಿ ಮುಗಿಯಿತು. ಶೇಂಗಾದ ಸುಗ್ಗಿಯೂ ಮುಗಿಯಿತು. ಬೂದೆಮ್ಮ ಗಿರಣಿಯಿಂದ ತಲೆಯ ಮೇಲೆ ಹೊತ್ತು ತಂದು ಕೊಡುತ್ತಿದ್ದ ಚೀಲವೂ ನಿಂತಿತು. ಬೇರೆ ವರ್ಷವಾದರೆ ಸುಗ್ರಾ ಈ ಹೊತ್ತಿಗೆ ರಸ್ತೆಯ ಕೆಲಸಕ್ಕೆ ಹೋಗುತ್ತಿದ್ದಳು. ಈಗ ಪರದೆಯ ಹಿಂದೆ ಕೂತು ಉಗುರ ಸಂದಿಯ ಗಾಯ ನೋಡಿಕೊಂಡಳು.

ತಿಂಗಳ ಕೊನೆಯ ವಾರ ದುರುಗಪ್ಪ ಮತ್ತೆ ಬಂದು ಬೆನ್ನು ಮಾಡಿ ನಿಂತ. ಗೇಟಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತಿದ್ದ.

"ಏನೋ ಅದು, ಉಗುಳು," ಅಂದಳು ಬೂದೆಮ್ಮ.

"ವಲಿ ಪಾಷಾ ಆಫೀಸಿಗೆ ಬಂದಿದ್ದ. ಲಾಲ್ ಸಾಬನ ಮನಿ ಖಾಲಿ ಆಕ್ಕದಂತ, ಭಾಮೈದನ ಹೆಸರಿಗೆ ಕೇಳಾಕತ್ತಾನ. ಚಾ ಕೊಡಾಕ ಹೋದಾಗ ಕೇಳಿದೆ ಯವ್ವಾ. ನಾ ಹೇಳಿದೆ ಅನಬ್ಯಾಡ್ರಿ."

ಪರದೆ ಸರಿಯಿತು. ಸುಗ್ರಾ ಹೊಸ್ತಿಲಲ್ಲಿ ನಿಂತಿದ್ದಳು. ಬೆನ್ನು ಮಾಡಿ ನಿಂತವನಿಗೆ ಅದು ಕಾಣಲಿಲ್ಲ. ಇಮಾಮ್ ಬೀಗೂ ಕಾಣಲಿಲ್ಲ, ಆದರೆ ಗಾಳಿ ಬಂದದ್ದು ತಿಳಿಯಿತು.

"ನಕ್ಕೊ ಬೇಟಿ, ಬ್ಯಾಡ," ಅಂದಳು ಮುದುಕಿ. "ನಕ್ಕೊ. ನನ ಮಗನ ಇದ್ದತ್ ಮುರೀಬ್ಯಾಡ. ಗೋರಿ ಮಣ್ಣು ಇನ್ನಾ ಹಸಿ ಅದ."

"ನಿಮ್ಮನ್ನ ಎಲ್ಲಿ ಇಡ್ಲಿ ಅಮ್ಮಾ? ಹೇಳ್ರಿ. ಕಂದಕದಾಗ ಇಡ್ಲಾ? ಅಲ್ಲಿ ಈಗ ಗ್ವಾಡಿ ಕಟ್ಯಾರ."

"ದರ್ಗಾದ ಬಾಗಿಲಿನಾಗ ಕುಂದ್ರತೀನಿ."

"ಕುಂತು ಏನು ಮಾಡ್ತೀರಿ? ಕೈ ಚಾಚ್ತೀರಾ? ಅದು ನಿಮ್ಮ ಮಗಗ ಚೆಂದ ಕಾಣ್ತದೇನು?"

ಮುದುಕಿ ಹೊಸ್ತಿಲಿಂದ ಎದ್ದು ಗೋಡೆ ಹಿಡಿದು ಪಕ್ಕಕ್ಕೆ ಸರಿದಳು. ಒಬ್ಬಳು ದಾಟುವಷ್ಟು ಜಾಗವಾಯಿತು.

ಸುಗ್ರಾ ಬಿಳಿ ಸೀರೆಯ ಸೆರಗು ಹಣೆಯ ತನಕ ಎಳೆದುಕೊಂಡು ಬೂದೆಮ್ಮನ ಜೊತೆ ಹೊರಟಳು. ಎಷ್ಟೋ ದಿನದ ಮೇಲೆ ಬಿಸಿಲು. ಕಣ್ಣಿಗೆ ಕತ್ತಲೆ ಬಂತು. ದಾರಿಯಲ್ಲಿ ಅಂಗಡಿಯ ಗಂಡಸರು ನೋಡಿದರು. ಅವಳ ಜಮಾತಿನವರೇ. ಒಬ್ಬ ತೋಬಾ ಅಂದ. ಬೂದೆಮ್ಮ ತಿರುಗಿ, "ಏನಪಾ ನೋಡ್ತಿ, ಅಕ್ಕಿ ಕೊಡಾಂವ ಇದ್ದೀಯೇನು?" ಅಂದಳು. ಅವನು ತಕ್ಕಡಿ ನೋಡತೊಡಗಿದ.

ವಸತಿ ಆಫೀಸಿನಲ್ಲಿ ಬೆಂಚಿತ್ತು. ಕೂಡಲು ಹೋದರೆ ಜವಾನ, "ಅಲ್ಲಿ ಗ್ವಾಡಿಗೆ ನಿಂದ್ರು," ಅಂದ. ಮಧ್ಯಾಹ್ನ ಕಳೆಯಿತು. ಬೆಳಗಿನಿಂದ ಹೊಟ್ಟೆಗೆ ನೀರು ಮಾತ್ರ. ಸುಗ್ರಾ ಗೋಡೆಗೆ ಬೆನ್ನು ಕೊಟ್ಟಳು. "ಸುಣ್ಣ ಹತ್ತುತ್ತೆ, ಸರಿದು ನಿಲ್ಲಮ್ಮ," ಅಂದ ಒಳಗಿನಿಂದ ಒಬ್ಬ ಗುಮಾಸ್ತ. ಅವಳ ಸೀರೆಗೆ ಹತ್ತುತ್ತದೆ ಅಂತಲ್ಲ. ಅವರ ಗೋಡೆಯ ಸುಣ್ಣ ಹೋಗುತ್ತದೆ ಅಂತ.

ಕರೆದಾಗ ಹೋದಳು. ಸಾಹೇಬರು ಮೈಸೂರು ಕಡೆಯವರು. ಮೇಜಿನ ಮೇಲೆ ಫೋಟೋ ಇತ್ತು. ಲಾಲ್ ಸಾಬ್ ಪಾಟಿ ಹಿಡಿದು ಎದೆಯುಬ್ಬಿಸಿ ನಿಂತಿದ್ದ. ಸುಗ್ರಾಳಿಗೆ ಮಿಕ್ಕಿದ್ದೆಲ್ಲ ಮರೆತುಹೋಯಿತು. ಅವನು ಸತ್ತ ಮೇಲೆ ಅವನ ಮುಖ ನೋಡಿದ್ದು ಈಗಲೇ.

"ಇದರಲ್ಲಿ ಬುರ್ಖಾ ಇದೆ. ಇಲ್ಲಿ ಸೀರೆ ನಿಂತಿದೆ," ಅಂದರು ಸಾಹೇಬರು. "ಯಾವುದನ್ನ ಯಾವುದಕ್ಕೆ ಹೋಲಿಸಲಿ?"

"ನಾನ ರೀ ಸಾಹೇಬ್ರ. ಬುರ್ಖಾದೊಳಗ ಇರಾಕಿ ನಾನ."

"ಎಲ್ಲರೂ ನಾನೇ ಅಂತಾರಮ್ಮ."

"ನಾ ಹೇಳ್ತೀನ್ರಿ," ಬೂದೆಮ್ಮ ಮುಂದೆ ಬಂದಳು. "ನಡುವ ಒಂದ ಗ್ವಾಡಿ ಅದ. ಈಕಿ ಗೊರಕಿ ಸೈತ ನಂಗ ಗುರುತದ."

"ನೀನಲ್ಲ. ಅವರ ಪೈಕಿಯವರು ಯಾರಾದರೂ ಹೇಳಬೇಕು."

ಆಗ ಸುಗ್ರಾ ಪಕ್ಕಕ್ಕೆ ನೋಡಿದಳು. ಕುರ್ಚಿಯಲ್ಲಿ ವಲಿ ಪಾಷಾ ಕೂತಿದ್ದ. ಕೈಯಲ್ಲಿ ಚಹಾದ ಬಶಿ. ಎಲ್ಲ ಗೊತ್ತಿದ್ದೂ ಅವಳಿಗೆ ಒಂದು ಕ್ಷಣ ಆಸೆಯಾಯಿತು. ಎದುರಿಗೆ ನಿಂತವಳನ್ನು ಅಲ್ಲ ಅನ್ನಲಾರ, ನಾಲಿಗೆ ಏಳಲಿಕ್ಕಿಲ್ಲ.

ಅವನು ಚಹಾ ಮುಗಿಸಿ ಬಶಿ ಕೆಳಗಿಟ್ಟ.

"ಸಾಬ್, ಲಾಲ್ ಸಾಬನ ಹೆಂಡ್ತಿ ಇದ್ದತ್‌ನಾಗ ಮನಿಯೊಳಗ ಕುಂತಾಳ. ನಾನ ಅಕ್ಕಿ ಕೊಟ್ಟು ಬಂದೀನಿ. ನಮ್ಮ ಹೆಣ್ಮಕ್ಕಳು ಇದ್ದತ್‌ನಾಗ ಹೊಸ್ತಿಲ ದಾಟಂಗಿಲ್ಲ. ಈಕಿ ಯಾರೋ, ನಂಗ ಗುರ್ತಿಲ್ಲ."

"ಕೇಳಿದೆಯಾ?" ಅಂದರು ಸಾಹೇಬರು. "ಅವನ ಹೆಂಡತಿ ಆಗಿದ್ದರೆ ನೀನು ಬರ್ತಿರಲಿಲ್ಲ."

"ಬರಲಿಲ್ಲಂದ್ರ ಮನಿ ಹೋಗ್ತದ ಅಂದ್ರಿ. ಬಂದ್ರ ಹೆಂಡ್ತಿ ಅಲ್ಲ ಅಂತೀರಿ. ನಾ ಏನು ಮಾಡಬೇಕ್ರಿ?"

"ಅದನ್ನ ನನ್ನ ಕೇಳಬೇಡ. ಕಾನೂನು ನಾನು ಬರೆದಿಲ್ಲ." ಗುಮಾಸ್ತರ ಕಡೆ ತಿರುಗಿ ನಕ್ಕರು. "ಒಂದು ಕೆಲಸ ಮಾಡು. ಆ ಬುರ್ಖಾ ಹಾಕ್ಕೊಂಡು ಬಂದು ಇಲ್ಲಿ ನಿಲ್ಲು. ಹೋಲುತ್ತಾ ನೋಡೋಣ."

ಆಫೀಸು ನಕ್ಕಿತು. ಸುಗ್ರಾ ಕಾಲ ಬೆರಳು ನೋಡುತ್ತ ನಿಂತಳು. ಬೂದೆಮ್ಮ ಸೊಂಟಕ್ಕೆ ಕೈಯಿಟ್ಟಳು.

"ಬುರ್ಖಾ ಹಾಕ್ಕೊಂಡ್ರ ನಾನೂ ಲಾಲ್ ಸಾಬನ ಹೆಂಡ್ತಿ ಆಕೀನಿ. ನಿಮ್ಮನಿಯಾಕಿನೂ ಆಕ್ಕಾಳ ರೀ ಸಾಹೇಬ್ರ."

ನಗು ನಿಂತಿತು. ಇಬ್ಬರನ್ನೂ ಕತ್ತು ಹಿಡಿದು ದಬ್ಬಿದರು. ಮೆಟ್ಟಿಲ ಮೇಲೆ ಸುಗ್ರಾಳ ಮೊಣಕಾಲು ಒಡೆಯಿತು. ಸೆರಗು ಜಾರಿತು. ಅದನ್ನೂ ನಾಲ್ಕು ಜನ ನೋಡಿದರು.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಜೀಪು ಬಂತು. ಸಾಹೇಬರು, ವಲಿ ಪಾಷಾ, ಹಿಂದೆ ಬೀಗ ಹಿಡಿದ ದುರುಗಪ್ಪ. ಸಾಮಾನು ಹೊರಗೆ ಹಾಕು ಅಂದರು. ದುರುಗಪ್ಪ ತಲೆ ಬಗ್ಗಿಸಿ ಒಳಗೆ ಹೋದ. ತಗಡಿನ ಪೆಟ್ಟಿಗೆ ತಂದಿಟ್ಟ. ಕೊಡ ತಂದಿಟ್ಟ. ಲಾಲ್ ಸಾಬನ ಹಮಾಲಿ ಕೊಕ್ಕೆ ತಂದಿಟ್ಟ. ಇಮಾಮ್ ಬೀ ಕೂತ ಕೌದಿಗೆ ಕೈ ಹಾಕಿದ.

"ನನ್ನೂ ಎತ್ತಿ ಇಡ್ತೀಯೇನೋ ದುರುಗಪ್ಪ?" ಅಂದಳು ಮುದುಕಿ.

ಅವನು ಕೌದಿ ಬಿಟ್ಟು ಬರಿಗೈಯಲ್ಲಿ ಹೊರಗೆ ಬಂದು ನಿಂತ.

ಕಾಲನಿಯೆಲ್ಲ ನೆರೆದಿತ್ತು. ಬಡೇಬೀ, ಗಂಜಿನ ಹಮಾಲರು, ಜಮಾತಿನ ಗಡ್ಡದವರು. ಸುಗ್ರಾ ಬಾಗಿಲಿಗೆ ಬಂದಳು. ಈ ಸಲ ಸೆರಗು ಎಳೆದುಕೊಳ್ಳಲಿಲ್ಲ.

"ವಲಿ ಪಾಷಾ, ನಿನ್ನೆ ಆಫೀಸಿನಾಗ ಏನು ಹೇಳಿದಿ? ಇವರ ಮುಂದೂ ಹೇಳು."

ಅವನು ಜೀಪಿನ ಗಾಲಿ ನೋಡಿದ.

"ನಾ ಹೇಳ್ಲಾ? ಲಾಲ್ ಸಾಬನ ಹೆಂಡ್ತಿ ಮನಿಯೊಳಗ ಇದ್ದತ್‌ನಾಗ ಕುಂತಾಳ, ಹೊಸ್ತಿಲ ದಾಟಂಗಿಲ್ಲ ಅಂದಿ. ಖರೆ ಅದ. ಕುಂತೀನಿ. ಗಂಡ ಎಲ್ಲಿ ಬಿಟ್ಟು ಹೋದ್ನೋ ಅಲ್ಲೇ ಕುಂದ್ರಬೇಕಂತ ನೀವ ಹೇಳೀರಿ. ಯಾವ ಗಂಡಸು ಬಂದು ನನ್ನ ಎಳೀತಾನ, ಎಳೀಲಿ. ಜಮಾತು ನೋಡ್ಲಿ."

ಗಡ್ಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಡೇಬೀ ಮುಂದೆ ಬಂದು, "ಆಕಿ ಮೈಮ್ಯಾಗ ಇದ್ದದ್ದು ನನ ಬುರ್ಖಾ. ನಂಗ ಗುರ್ತಿಲ್ಲೇನು?" ಅಂದಳು. ಯಾರೂ ಅದನ್ನು ಬರೆದುಕೊಳ್ಳಲಿಲ್ಲ. ವಲಿ ಪಾಷಾ ಸಾಹೇಬರ ಕಿವಿಯಲ್ಲಿ ಏನೋ ಹೇಳಿ ಜನರ ಹಿಂದಕ್ಕೆ ಸರಿದ.

ಸುಗ್ರಾ ಬೀದಿಗೆ ಬಾಗಿ ತನ್ನ ತಗಡಿನ ಒಲೆ ಎತ್ತಿಕೊಂಡಳು. ಹೊಟ್ಟಿನ ಚೀಲ ಎಳೆದುಕೊಂಡಳು.

"ಅದನ್ನ ಯಾಕೆ ಒಳಗೆ ಒಯ್ತೀಯ?" ಅಂದರು ಸಾಹೇಬರು.

ಅವಳು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಬಾಗಿಲಿಗೆ ಕಿವಿಗೊಟ್ಟು ನಿಂತಳು. ಹೊರಗಿನ ಮಾತೆಲ್ಲ ಕೇಳುತ್ತಿತ್ತು.

"ಬೀಗ ಹಾಕು."

"ಒಳಗ ಇಬ್ಬರು ಅದಾರ್ರೀ."

"ಯಾರೂ ಇಲ್ಲ. ಮನೆ ಖಾಲಿ ಅಂತ ಬರೆದಾಗಿದೆ. ಖಾಲಿ ಮನೆಗೆ ಬೀಗ ಹಾಕು."

"ಕುರಿದೊಡ್ಡಿಗೂ ಹಿಂಗ ಬೀಗ ಹಾಕಂಗಿಲ್ರೀ. ನನ ಕೈಲಿ ಆಗಂಗಿಲ್ಲ."

ಬೀಗ ನೆಲಕ್ಕೆ ಬಿದ್ದ ಸದ್ದು.

"ನಾಳೆಯಿಂದ ಕೆಲಸಕ್ಕೆ ಬರಬೇಡ."

"ಬರಂಗಿಲ್ಲ ಬಿಡ್ರಿ."

ಬೂದೆಮ್ಮ ಮಣ್ಣು ತೂರಿ ಬೈಯುತ್ತಿದ್ದಳು. ಆ ಬೈಗುಳದ ನಡುವೆ ಚಿಲಕ ಕರಕರ ಅಂದಿತು. ಯಾರೋ, ಸಾಹೇಬರೇ ಇರಬೇಕು, ಬೀಗ ಜಡಿದರು. ಕೀಲಿ ತಿರುಗಿತು. ಜೀಪು ಹೋಯಿತು.

ಒಳಗೆ ಅರ್ಧ ಗಡಿಗೆ ನೀರಿತ್ತು. ಹಿಟ್ಟು ಒಂದು ಹೊತ್ತಿಗಾಗುವಷ್ಟು. ಗೇಣಗಲದ ಕಿಟಕಿ, ಅದಕ್ಕೆ ಸರಳು. ಇದ್ದತ್ ಮುಗಿಯಲು ಇನ್ನೂ ಬಹಳ ಇತ್ತು. ಅದು ಮುಗಿದ ಮೇಲೆ ಏನು ಅನ್ನುವುದು ಸುಗ್ರಾಳಿಗೆ ಗೊತ್ತಿರಲಿಲ್ಲ. ಸಂಜೆಗೆ ನೀರು ತೀರಿದರೆ ಏನು ಅನ್ನುವುದೂ ಗೊತ್ತಿರಲಿಲ್ಲ. ಒಲೆಯನ್ನು ಗೋಡೆಗೆ ಒತ್ತಿ ಇಟ್ಟಳು. ಹೊಟ್ಟು ತುಂಬಿ ಅದುಮಿದಳು.

ಇಮಾಮ್ ಬೀ ಕುಂಡಿ ಸರಿಸುತ್ತ ಹತ್ತಿರ ಬಂದಳು. ಕೈಯಾಡಿಸಿ ಒಲೆ ಮುಟ್ಟಿದಳು, ಅದರ ಹಿಂದಿನ ಗೋಡೆ ಮುಟ್ಟಿದಳು.

"ಇಲ್ಲೇ ಹಚ್ಚಿದ್ರ ಗ್ವಾಡಿ ಕರ್ರಗಾಗ್ತದ ಬೇಟಿ. ಲಾಲ್ಯಾ ಸಿಟ್ಟಾಗ್ತಿದ್ದ."

"ಆಗಲಿ ಅಮ್ಮಾ."

ಮುದುಕಿ ಸೊಂಟದ ಚೀಲದಿಂದ ಕಡ್ಡಿಪೆಟ್ಟಿಗೆ ತೆಗೆದು ಚಾಚಿದಳು. ಸುಗ್ರಾ ಕಡ್ಡಿ ಗೀರಿ ಹೊಟ್ಟಿಗೆ ಹಿಡಿದು ಊದಿದಳು. ಮೊದಲು ಹೊಗೆ ಬಂತು. ದಟ್ಟ ಹೊಗೆ. ಅದು ಒಲೆಯ ಬಾಯಿಂದ ಎದ್ದು ಗೋಡೆಗೆ ಆತು ಮೇಲೇರಿತು; ಸುಣ್ಣದ ಮೇಲೆ ಅಂಗೈಯಗಲ ಕಪ್ಪು ಹತ್ತಿತು. ಸುಗ್ರಾ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಹಿಡಿ ಹೊಟ್ಟು ಹಾಕಿದಳು.